ಕಿಟಕಿ ಗುರುತು

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನಮ್ಮವರು ನನ್ನನ್ನು ಒಂದು ಮಾತು ಕೇಳಿದರು.

"ಕನಕ, ಈ ಸಲವೂ ನಮ್ಮ ವಾರ್ಡು ಹೆಂಗಸರಿಗೇ ಬಂದಿದೆ. ನಿಲ್ತೀಯಾ? ನಿನ್ನಿಷ್ಟ. ಬಲವಂತ ಇಲ್ಲ. ಕೇಳ್ತಾ ಇದೀನಿ ಅಷ್ಟೆ."

ಹುಳಿ ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು. ಮದುವೆಯಾಗಿ ಮೂವತ್ತು ವರ್ಷವಾಗುತ್ತ ಬಂತು. ಕನ್ನಡಕ ಎಲ್ಲಿಟ್ಟೆ ಎಂದು ಅವರು ದಿನಾ ಕೇಳುತ್ತಾರೆ, ಹಾಲಿನವನು ಬಂದನೇ ಎಂದು ಕೇಳುತ್ತಾರೆ. ಅದನ್ನೆಲ್ಲ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿನ್ನಿಷ್ಟ ಏನು ಎಂದು ಕೇಳಿದ್ದು ಇದೇ ಮೊದಲು. ಅದೂ ನಾಮಪತ್ರ ಕೊಡಲು ನಾಳೆ ಕಡೇ ದಿನ ಅನ್ನುವಾಗ.

"ಸಾಯಂಕಾಲ ಹೇಳ್ತೀನಿ," ಅಂದೆ.

ಹೆಂಡತಿಯನ್ನು ಗಂಡ ಒಂದು ಮಾತು ಕೇಳಿದರೆ ಅದರಲ್ಲೇನು ಅಂಥಾ ವಿಶೇಷ ಎಂದು ನಿಮಗನಿಸಬಹುದು. ಅನಿಸಲಿ. ನನಗೆ ಆಗಿನಿಂದ ಕೈಕಾಲು ಆಡಲಿಲ್ಲ. ಹೂಂ ಅಂದರೆ ಏನು, ಊಹೂಂ ಅಂದರೆ ಏನು ಎಂದು ಸಾಯಂಕಾಲದವರೆಗೂ ತಲೆ ಕೆಡಿಸಿಕೊಂಡು ಕೂತಿದ್ದೆ. ಯಾಕೆ ಅಂತ ತಿಳಿಯಬೇಕಾದರೆ ಈ ಪಕ್ಷದ ವಿಚಾರ ಹೇಳಬೇಕು.

ನಮ್ಮವರ ಹೆಸರು ಚಲುವನಾರಾಯಣ. ನಾವು ಹೊಳೆನರಸೀಪುರದ ಕೋಟೆಯವರು. ಮಾವನವರ ಕಾಲದವರೆಗೂ ನರಸಿಂಹಸ್ವಾಮಿ ದೇವಸ್ಥಾನವೇ ಈ ಮನೆಯ ಅನ್ನ. ನಮ್ಮವರು ಮಾತ್ರ ಅರ್ಥಶಾಸ್ತ್ರ ಓದಿ, ಹಾಸನದ ಒಂದು ಟ್ಯುಟೋರಿಯಲ್ಲಿನಲ್ಲಿ ಪಾಠ ಹೇಳಲು ಬಸ್ಸಿನಲ್ಲಿ ಓಡಾಡುತ್ತಿದ್ದರು. ತೊಂಬತ್ತೊಂದರಲ್ಲಿ ದೆಹಲಿಯವರು ಲೈಸೆನ್ಸು, ಪರ್ಮಿಟ್ಟುಗಳನ್ನೆಲ್ಲ ಸಡಿಲ ಮಾಡಿದಾಗ ಇವರು ಬೀದಿಗೆಲ್ಲ ಸಕ್ಕರೆ ಹಂಚಿದರು. ಮಗ ಹುಟ್ಟಿದನೇ ಎಂದು ಕೇಳಿದವರೂ ಉಂಟು. ಮರುವರ್ಷ ಪಕ್ಷ ಕಟ್ಟಿಯೇ ಬಿಟ್ಟರು. ಮುಕ್ತ ನಾಗರಿಕ ಪಕ್ಷ.

ಅದರ ತತ್ತ್ವ ಬಹಳ ಸರಳ. ಸರಕಾರ ಕಳ್ಳರನ್ನು ಹಿಡಿಯಲಿ, ಗಡಿ ಕಾಯಲಿ, ಮಿಕ್ಕಂತೆ ಜನರನ್ನು ಅವರ ಪಾಡಿಗೆ ಬಿಡಲಿ. ಏನು ಬೆಳೆಯಬೇಕು, ಯಾರಿಗೆ ಮಾರಬೇಕು, ಎಲ್ಲಿ ಅಂಗಡಿ ಇಡಬೇಕು ಎಂಬುದನ್ನು ಅವರವರೇ ನಿರ್ಧರಿಸಿಕೊಳ್ಳಲಿ. 'ಕೇಳದೆ ಮುಟ್ಟಬೇಡಿ' ಎಂಬುದು ಘೋಷಣೆ. ಅದನ್ನು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದರು. ಗೋಡೆಯ ಕೆಳಗೆ ಬಾಳೆಹಣ್ಣು ಮಾರುವ ಸುಬ್ಬಮ್ಮನಿಗೆ ಅದರಿಂದ ಬಹಳ ಉಪಕಾರವಾಯಿತು. ಹಣ್ಣು ಹಿಸುಕಿ ನೋಡುವವರಿಗೆ ಅವಳು ಗೋಡೆ ತೋರಿಸುತ್ತಿದ್ದಳು.

ಪಕ್ಷದ ನಿಯಮಾವಳಿಯ ಮೊದಲ ಸಾಲು ನನಗೆ ಬಾಯಿಪಾಠ. 'ಪ್ರತಿಯೊಬ್ಬ ವ್ಯಕ್ತಿಯೂ ತನಗೆ ತಾನೇ ಒಡೆಯ. ಒಬ್ಬರ ಪರವಾಗಿ ಇನ್ನೊಬ್ಬರು ತೀರ್ಮಾನ ಮಾಡುವಂತಿಲ್ಲ.' ನನ್ನ ಅಕ್ಷರ ಗುಂಡಗಿದೆಯೆಂದು ಅದನ್ನು ಶುದ್ಧಪ್ರತಿ ಮಾಡಿದವಳು ನಾನೇ. "ಬರೆದುಕೊಡು," ಅಂದರು, ಬರೆದುಕೊಟ್ಟೆ.

ಇಡೀ ಪಕ್ಷ ಒಂದು ಅಂಬಾಸಿಡರ್ ಕಾರಿನಲ್ಲಿ ಹಿಡಿಸುತ್ತಿತ್ತು. ಅದರಲ್ಲಿ ನನಗೆ ಮೆಚ್ಚುಗೆಯಾದವನು ಮರಿಯಣ್ಣ ಒಬ್ಬನೇ. ಅರಕಲಗೂಡು ಕಡೆ ಮಲ್ಲಿಪಟ್ಟಣದ ರೈತ. ಹೊಗೆಸೊಪ್ಪು ಬೆಳೆದು ಅದನ್ನು ಬೇಯಿಸುವ ಬ್ಯಾರನ್ ಕಟ್ಟಲು ಲೈಸೆನ್ಸು ಕೇಳಿ ಕೇಳಿ ಚಪ್ಪಲಿ ಸವೆಸಿದವನು. ಲೈಸೆನ್ಸು ಸಿಗಲೇ ಇಲ್ಲ. ಕೊನೆಗೆ ಲೈಸೆನ್ಸಿಲ್ಲದೆಯೇ ಬ್ಯಾರನ್ ಕಟ್ಟಿ, ಲೈಸೆನ್ಸಿದ್ದ ಇನ್ನೊಬ್ಬರ ಕಾರ್ಡಿನಲ್ಲಿ ಸೊಪ್ಪು ಮಾರುತ್ತಿದ್ದ. ನಮ್ಮ ನಡುಮನೆಯ ಚಾಪೆಯ ಮೇಲೆ ಕೂತು ಮೊದಲ ದಿನ ಅವನು ಹೇಳಿದ್ದು ಈಗಲೂ ಕಿವಿಯಲ್ಲಿದೆ.

"ನನ್ನ ಒಲ, ನನ್ನ ಬೆವ್ರು. ನಾನೇನ್ ಬೆಳೀಬೇಕು ಅಂತ ಅವ್ರನ್ನ್ಯಾಕೆ ಕೇಳ್ಬೇಕು ಮೇಷ್ಟ್ರೆ?"

ನಮ್ಮವರು ಎದ್ದು ಹೋಗಿ ಅವನನ್ನು ತಬ್ಬಿಕೊಂಡರು. "ನಾನು ಹುಡುಗರಿಗೆ ವರ್ಷಗಟ್ಟಲೆ ಕೂಗಿ ಹೇಳೋದನ್ನ ಇವನು ಒಂದೇ ಮಾತಲ್ಲಿ ಹೇಳಿಬಿಟ್ಟ," ಅಂತ ನನ್ನ ಕಡೆ ತಿರುಗಿ, "ಮರಿಯಣ್ಣನಿಗೆ ಕಾಫಿ ತಾ," ಅಂದರು.

ತೊಂಬತ್ತನಾಲ್ಕರಲ್ಲಿ ಅರಕಲಗೂಡಿನಿಂದ ವಿಧಾನಸಭೆಗೆ ನಿಂತರು. ಠೇವಣಿ ಹೋಯಿತು. ತೊಂಬತ್ತೊಂಬತ್ತರಲ್ಲಿ ಹಾಸನದಿಂದ ನಿಂತರು. ಅಲ್ಲೂ ಹೋಯಿತು. 'ಮುಕ್ತ ಪಕ್ಷ ಠೇವಣಿಯಿಂದಲೂ ಮುಕ್ತವಾಯಿತು' ಎಂದು ಚನ್ನರಾಯಪಟ್ಟಣದ ನನ್ನ ತಮ್ಮ ಆತ್ರೇಯ ಪೋಸ್ಟ್ ಕಾರ್ಡು ಬರೆದು ರೇಗಿಸಿದ. ನಮ್ಮವರು ಅವನ ಜೊತೆ ಆರು ತಿಂಗಳು ಮಾತು ಬಿಟ್ಟರು. ಎರಡು ಸಾವಿರದ ಒಂದರಲ್ಲಿ ಪುರಸಭೆ ಚುನಾವಣೆ ಬಂದಾಗ, ಇದು ನಮ್ಮ ಸ್ವಂತ ಬೀದಿ, ಇಲ್ಲಿ ಗೆದ್ದೇ ಗೆಲ್ಲುತ್ತೇನೆ ಎಂದು ಹೊಸ ಖಾದಿ ಜುಬ್ಬ ಹೊಲಿಸಿಕೊಂಡರು. ಅಷ್ಟರಲ್ಲಿ ಮೀಸಲಾತಿ ಪಟ್ಟಿ ಬಂತು. ಕೋಟೆ ವಾರ್ಡು ಮಹಿಳೆಗೆ.

ಮೀಸಲಾತಿಯೂ ಒಂದು ಬಲವಂತವೇ ಎಂದು ಕರಪತ್ರ ಹಂಚಿದ ಮನುಷ್ಯ. ಒಂದು ಸಾಯಂಕಾಲವಿಡೀ ಮುಖ ಊದಿಸಿಕೊಂಡು ಕೂತಿದ್ದರು. ಮಾರನೆಯ ದಿನ ಪಕ್ಷದವರೆಲ್ಲ ಬಂದರು. ನಾನು ಕಾಫಿ ಲೋಟಗಳನ್ನು ಹಿಡಿದು ನಡುಮನೆಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ನಮ್ಮವರು, "ನಮ್ಮ ಅಭ್ಯರ್ಥಿ ಕನಕಲಕ್ಷ್ಮಿ," ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೇರೆ ಯಾರೋ ಕನಕಲಕ್ಷ್ಮಿ ಇರಬೇಕು ಅಂದುಕೊಂಡು ನಾನು ಕಾಫಿ ಕೊಟ್ಟೆ.

ಅವರೆಲ್ಲ ಹೋದಮೇಲೆ ಅಡಿಗೆಮನೆಯಲ್ಲಿ ಕೇಳಿದೆ. "ಅಲ್ಲಾಂದ್ರೆ, ನನ್ನನ್ನೊಂದು ಮಾತು ಕೇಳಬೇಡವೇ?"

ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. "ನಿನ್ನನ್ನ ಕೇಳೋದೇನು ಕನಕ? ನೀನೂ ನಾನೂ ಬೇರೆ ಬೇರೆನಾ?"

ಪ್ರತಿಯೊಬ್ಬ ವ್ಯಕ್ತಿಯೂ ಬೇರೆ ಎಂದು ಊರೂರಿಗೆ ಸಾರುವವರು! ಪ್ರೀತಿಯಿಂದಲೇ ಹೇಳಿದರು, ಅದೇ ಕಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಗುರುತಿಗೆ ಅವರು ಹಾರುವ ಹಕ್ಕಿ ಬೇಕೆಂದು ಬರೆದುಕೊಟ್ಟಿದ್ದರು. ಸಿಕ್ಕಿದ್ದು ಕಿಟಕಿ. "ಒಳ್ಳೇದೇ ಆಯಿತು, ಬೆಳಕು, ಗಾಳಿ, ಸ್ವಾತಂತ್ರ್ಯ," ಎಂದು ಅದಕ್ಕೂ ಭಾಷಣ ತಯಾರಾಯಿತು. ಕರಪತ್ರದಲ್ಲಿ ಅಚ್ಚಾಗಿದ್ದ ಕಿಟಕಿಗೆ ಮಾತ್ರ ಉದ್ದಕ್ಕೂ ಸರಳುಗಳಿದ್ದವು. ಅದನ್ನು ಅವರು ಗಮನಿಸಲಿಲ್ಲ. ನಾನು ಗಮನಿಸಿದೆ, ಹೇಳಲಿಲ್ಲ.

ಗೆದ್ದೆ. ಯಾಕೆ ಗೆದ್ದೆ ಅಂದರೆ, ನಾನು ಮನೆಯಲ್ಲಿ ಹಿಂದಿ ಪರೀಕ್ಷೆಗಳಿಗೆ ಪಾಠ ಹೇಳುತ್ತಿದ್ದೆ. ಪ್ರಥಮಾ, ಮಧ್ಯಮಾ, ರಾಷ್ಟ್ರಭಾಷಾ. ಕೋಟೆಯ ಅರ್ಧ ಮಕ್ಕಳು ನಮ್ಮ ಜಗಲಿಯ ಮೇಲೆ ಕೂತು 'ಯಹ ಕಲಮ್ ಹೈ' ಅಂದವರೇ. ಅವರ ತಾಯಂದಿರು ಬಂದು ಕಿಟಕಿಗೆ ಒತ್ತಿದರು. ಸ್ವಾತಂತ್ರ್ಯ, ಮಾರುಕಟ್ಟೆ ಏನೂ ಅವರಿಗೆ ಬೇಕಿರಲಿಲ್ಲ. ಫಲಿತಾಂಶ ಕೇಳಿ ನಮ್ಮವರು ಗಳಗಳ ಅತ್ತರು. "ಪಕ್ಷ ಗೆದ್ದಿತು," ಅಂದರು. ಮರಿಯಣ್ಣ, "ಮೇಷ್ಟ್ರು ಗೆದ್ಬುಟ್ರು," ಅಂದ. ಕನಕಲಕ್ಷ್ಮಿ ಗೆದ್ದಳು ಎಂದು ಒಬ್ಬರೂ ಅನ್ನಲಿಲ್ಲ, ಬಾಳೆಹಣ್ಣಿನ ಸುಬ್ಬಮ್ಮನೊಬ್ಬಳನ್ನು ಬಿಟ್ಟು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ದೊಡ್ಡ ಪಕ್ಷಗಳು ಎರಡೂ ಸಮಸಮ ಬಂದು ನಿಂತವು. ಮಧ್ಯೆ ನಾನೊಬ್ಬಳು. ಅಧ್ಯಕ್ಷ ಸ್ಥಾನವೂ ಆ ಸಲ ಮಹಿಳೆಗೇ ಇತ್ತು. ಒಂದು ಕಡೆಯಿಂದ ರೇವಮ್ಮ, ಅಕ್ಕಿ ಗಿರಣಿ ಪಂಚಾಕ್ಷರಯ್ಯನವರ ಹೆಂಡತಿ. ಇನ್ನೊಂದು ಕಡೆಯಿಂದ ಹೊನ್ನಕ್ಕ, ರಸ್ತೆ ಕಂಟ್ರಾಕ್ಟರ್ ಗುಂಡಯ್ಯನವರ ಹೆಂಡತಿ. ನಾನು ಯಾರಿಗೆ ಕೈ ಎತ್ತುತ್ತೇನೋ ಅವರು ಅಧ್ಯಕ್ಷೆ.

ಆಮೇಲೆ ನಮ್ಮ ಮನೆ ಸಂತೆಯಾಯಿತು. ಬೆಳಿಗ್ಗೆ ಪಂಚಾಕ್ಷರಯ್ಯ ಬರುವರು, ಸಂಜೆ ಗುಂಡಯ್ಯ ಬರುವರು. ಇಬ್ಬರೂ ನಡುಮನೆಯಲ್ಲಿ ನಮ್ಮವರ ಜೊತೆ ಕೂತು ನನ್ನ ಕೈಯ ವಿಚಾರ ಮಾತಾಡುವರು. ಆ ಕೈಯಲ್ಲೇ ನಾನು ಕಾಫಿ ತಂದುಕೊಡುತ್ತಿದ್ದೆ. ನಮ್ಮವರು ಒಂದು ಕಾಸು ಮುಟ್ಟಿದವರಲ್ಲ, ಅದನ್ನು ಹೇಳದಿದ್ದರೆ ನನಗೆ ಪಾಪ ಬರುತ್ತದೆ. ಅವರು ಕೇಳಿದ್ದು ಒಂದೇ. ಬೀದಿಯಲ್ಲಿ ಹೂವು, ಹಣ್ಣು, ಸೊಪ್ಪು ಮಾರುವವರಿಂದ ಪುರಸಭೆ ಸುಂಕ ಎತ್ತುವುದನ್ನು ನಿಲ್ಲಿಸಬೇಕು. ಇಬ್ಬರೂ ಆಗಲಿ ಅಂದರು. ಅಧಿಕಾರಕ್ಕೆ ಬರುವ ಮೊದಲು ಯಾರು ತಾನೇ ಆಗಲಿ ಅನ್ನುವುದಿಲ್ಲ?

ಆ ಗಲಾಟೆಯ ನಡುವೆ ಒಂದು ಮಧ್ಯಾಹ್ನ, ನಮ್ಮವರು ಹಾಸನಕ್ಕೆ ಹೋಗಿದ್ದಾಗ, ಹಿತ್ತಲ ಬಾಗಿಲಲ್ಲಿ ಹೊನ್ನಕ್ಕ ಬಂದು ನಿಂತಳು. ಅವಳ ಮಗಳು ಕೋಮಲಾ ನನ್ನಲ್ಲೇ ಹಿಂದಿ ಕಲಿತವಳು. ಒಳಗೆ ಕರೆದರೂ ಬರಲಿಲ್ಲ. ತಲೆ ಮೇಲಿನ ಸೆರಗು ಸರಿಮಾಡಿಕೊಂಡು, ಪಾಠ ಒಪ್ಪಿಸುವ ಹುಡುಗಿಯ ಹಾಗೆ ಒಂದೇ ಉಸಿರಿಗೆ ಹೇಳಿದಳು.

"ಟೀಚರಮ್ಮ, ಎಲ್ರೂ ಮೇಷ್ಟ್ರುನ್ನೇ ಕೇಳ್ತಾವ್ರೆ. ನಾನು ನಿಮ್ಮುನ್ನೇ ಕೇಳಾನ ಅಂತ ಬಂದೆ. ನಂಗೆ ಕೈ ಎತ್ತೀರಾ?"

ಚುನಾವಣೆ ಶುರುವಾದಾಗಿನಿಂದ ನನ್ನನ್ನೇ ಕೇಳಿದ್ದು ಅವಳೇ ಮೊದಲು. "ನೋಡೋಣ ಹೊನ್ನಕ್ಕ," ಅಂದೆ, ಬಾಯಿ ಮಾತಿಗೆ. ಒಳಗೆ ಆಗಲೇ ನನ್ನ ಕೈ ಎದ್ದಾಗಿತ್ತು. ಅವಳು ಒಳ್ಳೆಯ ಅಧ್ಯಕ್ಷೆಯಾಗುತ್ತಾಳೋ ಕೆಟ್ಟ ಅಧ್ಯಕ್ಷೆಯಾಗುತ್ತಾಳೋ ನನಗೆ ಬೇಕಿರಲಿಲ್ಲ. ಅವಳು ಕೇಳಿದಳು, ನಾನು ಕೊಡುತ್ತೇನೆ. ಈ ಇಡೀ ಪ್ರಹಸನದಲ್ಲಿ ಅದೊಂದು ನನ್ನದಾಗಿರಲಿ ಅಂತ ಆಸೆಯಾಯಿತು. ಬೇರೇನೂ ಬೇಡ, ಅದೊಂದು.

ಮತದಾನಕ್ಕೆ ಮುಂಚೆ ಎರಡೂ ಕಡೆಯವರು ತಂತಮ್ಮ ಸದಸ್ಯರನ್ನು ಬಸ್ಸು ಮಾಡಿಕೊಂಡು ಪ್ರವಾಸಕ್ಕೆ ಸಾಗಿಸಿದರು. ನಮ್ಮ ಕಡೆ ಅದು ಮಾಮೂಲು. ಒಂದು ಗುಂಪು ಕ್ಷೇತ್ರದರ್ಶನಕ್ಕೆ, ಇನ್ನೊಂದು ಗುಂಪು ಸಕಲೇಶಪುರದ ಯಾವುದೋ ಎಸ್ಟೇಟಿಗೆ. ಯಾರೂ ಯಾರನ್ನೂ ಎಗರಿಸಿಕೊಂಡು ಹೋಗದ ಹಾಗೆ ಕಾಯಲು ಜನ. ನಮ್ಮವರು ಇದನ್ನು ಎಷ್ಟು ಹೀಯಾಳಿಸಿದರು! "ದನ ಕೂಡಿಹಾಕಿದ ಹಾಗೆ ಪ್ರಜಾಪ್ರತಿನಿಧಿಗಳನ್ನ ಕೂಡಿಹಾಕ್ತಾರಲ್ಲ, ಥೂ," ಅಂದರು. ಅಂದವರೇ ನನ್ನ ಕಡೆ ತಿರುಗಿ, "ನಾಲ್ಕು ಸೀರೆ ಚೀಲಕ್ಕೆ ಹಾಕ್ಕೋ. ಮರಿಯಣ್ಣನ ಮನೆಗೆ ಬಿಟ್ಟು ಬರ್ತೀನಿ," ಅಂದರು.

ಮಲ್ಲಿಪಟ್ಟಣದಲ್ಲಿ ನನಗೆ ಬಿಟ್ಟುಕೊಟ್ಟ ಕೋಣೆಯಲ್ಲಿ ಬೇಯಿಸಿದ ಹೊಗೆಸೊಪ್ಪಿನ ಬೇಲುಗಳನ್ನು, ಗೋಣಿ ಸುತ್ತಿದ ಮೂಟೆಗಳನ್ನು, ಗೋಡೆಯುದ್ದಕ್ಕೂ ಒಟ್ಟಿದ್ದರು. ಸಿಹಿಯೂ ಅಲ್ಲದ, ಖಾರವೂ ಅಲ್ಲದ ಒಂದು ಘಾಟು. ಸೀರೆಗೆ, ಕೂದಲಿಗೆ, ಕೊನೆಗೆ ಕನಸಿಗೂ ಅಂಟಿಕೊಂಡಿತು. ಒಂದೇ ಒಂದು ಕಿಟಕಿ, ಅದಕ್ಕೆ ಉದ್ದಕ್ಕೂ ಸರಳು, ಥೇಟ್ ಕರಪತ್ರದಲ್ಲಿದ್ದ ಹಾಗೆ. ನಾನು ಒಳಗೆ ಕಾಲಿಟ್ಟಮೇಲೆ ಹೊರಗಿನಿಂದ ಚಿಲಕ ಬಿತ್ತು. ಊಟ, ಸ್ನಾನಕ್ಕೆ ತೆಗೆಯುತ್ತಿದ್ದರು, ಮತ್ತೆ ಹಾಕುತ್ತಿದ್ದರು.

ಮರಿಯಣ್ಣನ ಹೆಂಡತಿ ವಿಜಯಮ್ಮ ಹೊಸ ಪಾತ್ರೆ, ಸೀಮೆಎಣ್ಣೆ ಸ್ಟೌ ತಂದಿಟ್ಟು, "ಅಮ್ಮಾರೆ, ನಮ್ಮನೇದು ನೀವು ತಿನ್ನಾಕಿಲ್ಲ. ನೀವೇ ಬೇಯ್ಸ್ಕಳಿ," ಅಂದಳು. ನಾನು, "ನಿಮ್ಮ ಮನೇಲಿ ಏನು ಮಾಡಿದೀರಿ?" ಅಂತ ಕೇಳಿದೆ. ಮುದ್ದೆ, ಸೊಪ್ಪಿನ ಸಾರು. ಅದನ್ನೇ ಬಡಿಸು ಅಂದೆ. ಅವಳು ಗಾಬರಿಯಾಗಿ ಗಂಡನ ಕಡೆ ನೋಡಿದಳು, ಅವನು ಮೇಷ್ಟ್ರು ಇದ್ದಾರೇನೋ ಎಂದು ರಸ್ತೆಯ ಕಡೆ ನೋಡಿದ. ನಾನು ಕೂತು ಮುದ್ದೆ ಮುರಿದೆ. ಆ ಮನೆಯಲ್ಲಿ ನಾನೇ ತೀರ್ಮಾನ ಮಾಡಿದ್ದು ಅಂದರೆ ಅದೊಂದೇ.

ಎರಡನೆಯ ದಿನಕ್ಕೆ ನನಗೆ ತಡೆಯಲಿಲ್ಲ. ಕಿಟಕಿಯ ಹತ್ತಿರ ನಿಂತು ಕೂಗಿದೆ. "ಮರಿಯಣ್ಣ, ಚಿಲಕ ತೆಗಿ. ಸ್ವಲ್ಪ ಓಡಾಡಿ ಬರ್ತೀನಿ."

ಜಗಲಿಯ ಮೇಲಿದ್ದವನು ಟವೆಲ್ಲು ಕೊಡವಿಕೊಂಡು ಎದ್ದು ಬಂದ. "ಎಲ್ಗಮ್ಮಾರೆ?"

"ಎಲ್ಲಿಗಾದರೂ. ನಿನ್ನ ಹೊಲದ ತನಕ."

"ಮೇಷ್ಟ್ರುನ್ನ ಒಂದ್ಮಾತು ಕೇಳ್ಬೇಕು."

"ನಿನ್ನ ಹೊಲದಲ್ಲಿ ಸೊಪ್ಪು ಬೆಳೆಯೋಕೆ ನೀನು ಯಾರನ್ನೂ ಕೇಳಬಾರದು. ನನ್ನ ಕಾಲಲ್ಲಿ ನಾನು ನಡೆಯೋಕೆ ಕೇಳಬೇಕಾ?"

ಅವನಿಗೆ ಅರ್ಥವಾಗಿತ್ತು, ನಮ್ಮವರಿಗಿಂತ ಚೆನ್ನಾಗಿಯೇ ಅರ್ಥವಾಗಿತ್ತು. "ನೀವೇಳಾದು ದಿಟ ಕಣಮ್ಮಾರೆ. ಆದ್ರೂ ಕೇಳ್ಬೇಕಲ್ಲ. ನನ್ನ ನಂಬಿ ಬುಟ್ಟೋಗವ್ರೆ," ಅಂದ.

ಪಡಸಾಲೆಯಲ್ಲಿ ಸೊಪ್ಪು ವಿಂಗಡಿಸುತ್ತಿದ್ದ ವಿಜಯಮ್ಮ ತಲೆಯೆತ್ತದೆ, "ಒಳಗಿರಾರ್ನ ಯಾರು ಕೇಳ್ದಾರು ಬುಡಿ ಅಮ್ಮಾರೆ," ಅಂದಳು. "ಈ ಮನೇಗೆ ಬಂದಾಗಿಂದ ನನ್ನುನ್ನೂ ಯಾರೂ ಏನೂ ಕೇಳಿಲ್ಲ. ತಗಳಿ, ಸೊಪ್ಪಾದ್ರೂ ಬಿಡ್ಸಿ, ಒತ್ತೋಯ್ತದೆ," ಎಂದು ಒಂದು ಕಟ್ಟು ಸೊಪ್ಪು ಸರಳಿನೊಳಗೆ ತೂರಿಸಿದಳು.

ಸಂಜೆ ನಮ್ಮವರು ಬಸ್ಸಿಳಿದು ಬಂದರು. ನನ್ನ ಬೆರಳುಗಳು ಸೊಪ್ಪಿನ ಅಂಟಿನಿಂದ ಕಪ್ಪಾಗಿದ್ದವು. ಸರಳಿನಾಚೆ ನಿಂತು ಅವರು ಏನೂ ಆಗದವರ ಹಾಗೆ ಊರಿನ ಸುದ್ದಿ ಹೇಳಿದರು.

"ಇದು ನಿಮ್ಮ ಪಕ್ಷದ ಎಷ್ಟನೆಯ ನಿಯಮ?" ಅಂತ ಕೇಳಿದೆ.

"ನಿನ್ನ ರಕ್ಷಣೆಗೆ ಕಣೆ. ಹೊರಗಿನವರ ಬಲವಂತದಿಂದ ನಿನ್ನ ಸ್ವಾತಂತ್ರ್ಯ ಕಾಪಾಡಬೇಕಲ್ಲ."

ನನಗೆ ನಗು ಬಂತು. ನಗುತ್ತ ನಗುತ್ತ ಅಳು ಬಂತು. ಅವರು ಸರಳಿನೊಳಗೆ ಕೈ ಹಾಕಿ ನನ್ನ ಕೈ ಹಿಡಿದುಕೊಂಡರು. "ಎಲ್ಲಾ ಮಾತಾಗಿದೆ. ರೇವಮ್ಮನಿಗೆ ಕೈ ಎತ್ತು. ಪಂಚಾಕ್ಷರಯ್ಯನವರು ಮಾತು ಕೊಟ್ಟಿದ್ದಾರೆ. ತಿಳೀತಾ?" ಅಂದರು. ತಿಳಿಯಿತು ಅಂದೆ. ರಾತ್ರಿ ಬೇಲುಗಳಿಗೆ ಒರಗಿ ಕೂತು, ತಿಳಿಯದೇ ಏನು, ಚೆನ್ನಾಗಿ ತಿಳಿಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಹೊನ್ನಕ್ಕನಿಗೆ ಎತ್ತುವ ಕೈಯನ್ನು ನೋಡಿಕೊಂಡೆ. ಕಪ್ಪು ಹೋಗಿರಲಿಲ್ಲ.

ಮತದಾನದ ದಿನ ನಮ್ಮವರೂ ಮರಿಯಣ್ಣನೂ ನನ್ನನ್ನು ಜೀಪಿನಲ್ಲಿ ಊರಿಗೆ ತಂದರು. ದಾರಿಯುದ್ದಕ್ಕೂ ನಮ್ಮವರು ರೇವಮ್ಮ, ರೇವಮ್ಮ ಎಂದು ಜಪ ಮಾಡಿದರು. "ಬಲಗೈ ಎತ್ತು, ಎಡಗೈ ಎತ್ತಬೇಡ, ಅಪಶಕುನ," ಅಂದರು. ಶಕುನದಲ್ಲಿ ಅವರಿಗೆ ನಂಬಿಕೆಯಿಲ್ಲ. ನನಗಿದೆಯೆಂದು ಹೇಳಿದ್ದು.

ಪುರಸಭೆಯ ಬಾಗಿಲಲ್ಲಿ ಪೊಲೀಸಿನವನು, "ಸದಸ್ಯರು ಮಾತ್ರ," ಎಂದು ಗಂಡಂದಿರನ್ನೆಲ್ಲ ತಡೆದ. ನಾನೊಬ್ಬಳೇ ಒಳಗೆ ಹೋದೆ. ಅಲ್ಲಿಯವರೆಗೆ ನಮ್ಮವರಿಲ್ಲದೆ ನಾನು ಒಬ್ಬಳೇ ಹೊಕ್ಕ ಸರಕಾರಿ ಕಟ್ಟಡ ಅಂದರೆ ಹೆರಿಗೆ ಆಸ್ಪತ್ರೆ. ತಡೆಸಿಕೊಂಡ ಗಂಡಂದಿರು ಸುತ್ತಿ ಬಂದು ಸಭಾಂಗಣದ ಪಕ್ಕದ ಕಿಟಕಿಗೆ ಅಂಟಿಕೊಂಡರು. ಪಂಚಾಕ್ಷರಯ್ಯ, ಗುಂಡಯ್ಯ, ಅವರಿಬ್ಬರ ನಡುವೆ ನಮ್ಮವರ ಮುಖ. ಒಳಗೆ ಹೆಂಗಸರೆಲ್ಲ ಆ ಕಿಟಕಿಯ ಕಡೆ ನೋಡುವುದು, ಸೆರಗು ಸರಿಮಾಡಿಕೊಳ್ಳುವುದು, ಮತ್ತೆ ನೋಡುವುದು. ನಾನೂ ನೋಡುತ್ತಿದ್ದೆ. ನಮ್ಮವರು ತುಟಿಯಲ್ಲೇ 'ರೇವಮ್ಮ' ಅಂದರು.

ಎಲ್ಲಿಂದ ಧೈರ್ಯ ಬಂತೋ. ಎದ್ದು ನಿಂತು ತಹಸೀಲ್ದಾರರಿಗೆ, "ಸರ್, ಕಣ್ಣಿಗೆ ಬಿಸಿಲು ಹೊಡೀತಾ ಇದೆ. ಆ ಕಿಟಕಿ ಮುಚ್ಚಲಾ?" ಅಂದೆ.

ಅವರು ಕಾಗದದಿಂದ ತಲೆಯೆತ್ತದೆ, "ಮುಚ್ಚಿ ಮೇಡಂ," ಅಂದರು.

ಹೋದೆ. ಹಳೆಯ ಮರದ ಬಾಗಿಲುಗಳು, ಎರಡು ಕೈಯಲ್ಲಿ ಎಳೆಯಬೇಕು. ನಮ್ಮವರ ಮುಖ ಒಂದು ಮೊಳ ದೂರದಲ್ಲಿತ್ತು. ಏನೋ ಹೇಳಲು ಬಾಯಿ ತೆರೆದರು. ಅವರ ಮುಖದ ಮೇಲೆಯೇ ಕಿಟಕಿ ಮುಚ್ಚಿ ಅಗುಳಿ ಹಾಕಿದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ರೇವಮ್ಮನೇ ಇರಬೇಕು.

ತಹಸೀಲ್ದಾರರು ಮೊದಲು ರೇವಮ್ಮನ ಹೆಸರು ಕೂಗಿದರು. ಅವಳ ಕಡೆಯ ಕೈಗಳೆಲ್ಲ ಎದ್ದವು. ನನ್ನ ಕೈ ಮಡಿಲಲ್ಲೇ ಇತ್ತು. ಆಮೇಲೆ ಹೊನ್ನಕ್ಕನ ಹೆಸರು. ನಾನು ಕೈ ಎತ್ತಿದೆ. ಭುಜ ನೋಯುವಷ್ಟು ನೆಟ್ಟಗೆ ಎತ್ತಿದೆ, ಎಣಿಕೆ ಮುಗಿದಮೇಲೂ ಇಳಿಸಲಿಲ್ಲ. "ಸಾಕು ಮೇಡಂ, ಕೆಳಗಿಳಿಸಿ," ಎಂದು ಅವರೇ ಹೇಳಬೇಕಾಯಿತು. ನನ್ನ ಜೀವಮಾನದಲ್ಲಿ ನಾನು ಅಷ್ಟು ಸಂತೋಷಪಟ್ಟ ಗಳಿಗೆ ಇನ್ನೊಂದಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ಮಗಳು ಹುಟ್ಟಿದಾಗಲೂ ಇಲ್ಲ.

ಹೊರಗೆ ಹೊರಟೆ. ಬೈಯಲಿ, ಮನೆ ಬಿಟ್ಟು ಹೋಗು ಅನ್ನಲಿ, ತಮ್ಮನ ಮನೆಗೆ ಹೋದರಾಯಿತು ಎಂದು ಗಟ್ಟಿ ಮಾಡಿಕೊಂಡಿದ್ದೆ. ಮೆಟ್ಟಿಲ ಮೇಲೆ ಪಟಾಕಿ ಸಿಡಿಯುತ್ತಿತ್ತು. ಗುಂಡಯ್ಯನವರು ನಮ್ಮವರ ಕೊರಳಿಗೆ ಹಾರ ಹಾಕುತ್ತಿದ್ದರು. ನಮ್ಮವರು ನಗುತ್ತಿದ್ದರು. ಪಂಚಾಕ್ಷರಯ್ಯ, "ಇದೇನ್ ಮೇಷ್ಟ್ರೆ, ಇಂಥಾ ಮೋಸ!" ಎಂದು ಕೂಗಾಡುತ್ತಿದ್ದರು. ನನ್ನನ್ನು ಕಂಡ ನಮ್ಮವರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ರೇವಮ್ಮನಿಗೆ ಎತ್ತು ಅಂತ ಹೇಳಿದ್ದೇ ಅದಕ್ಕೆ! ನಮ್ಮವಳು ನಾನು ಹೇಳಿದ್ದಕ್ಕೆ ಉಲ್ಟಾ ಮಾಡ್ತಾಳೆ ಅಂತ ನನಗೆ ಗೊತ್ತಿಲ್ವೇ? ಇಷ್ಟು ವರ್ಷ ಸಂಸಾರ ಮಾಡಿದೀನಿ!"

ಜನ ಹೋ ಎಂದು ನಕ್ಕರು. ಮೇಷ್ಟ್ರು ಬಹಳ ಚಾಣಾಕ್ಷರು ಅಂದರು. ಹೊನ್ನಕ್ಕನೂ ನಕ್ಕಳು. ನನ್ನ ಕಾಲ ಕೆಳಗಿನ ಮೆಟ್ಟಿಲು ಜಾರಿದ ಹಾಗಾಯಿತು.

ಮನೆಗೆ ಬಂದಮೇಲೆ ಕೇಳಿದೆ. "ನಿಜ ಹೇಳಿ. ಮೊದಲೇ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು? ಹೊನ್ನಕ್ಕನ್ನ ಹಿತ್ತಲ ಬಾಗಿಲಿಗೆ ಕಳಿಸು ಅಂತ ಗುಂಡಯ್ಯನಿಗೆ ಹೇಳಿದವರು ಯಾರು ಅಂದ್ಕೊಂಡೆ?" ಅಂತ ಹಾರ ತೆಗೆದು ಮೊಳೆಗೆ ನೇತುಹಾಕಿದರು.

ಹೊನ್ನಕ್ಕನನ್ನು ಕೇಳಿದೆ. "ನಮ್ ಯಜಮಾನ್ರು ಓಗಿ ಕೇಳು ಅಂದ್ರು, ಕೇಳ್ದೆ ಟೀಚರಮ್ಮ. ಅವ್ರಿಗ್ಯಾರು ಏಳುದ್ರೋ ನಾ ಕಾಣೆ," ಅಂದಳು. ಅವಳ ಕಣ್ಣಲ್ಲಿ ಸುಳ್ಳಿರಲಿಲ್ಲ. ಗುಂಡಯ್ಯನವರನ್ನು ಕೇಳಿದರೆ, "ರಾಜಕೀಯ ಅಂದ್ರೆ ಅಂಗೇ ಕಣಮ್ಮ," ಎಂದು ನಕ್ಕರು. ಮರಿಯಣ್ಣನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡು, "ಮೇಷ್ಟ್ರು ದಾರೀಲಿ ರೇವಮ್ಮ ಅಂತ್ಲೇ ಬಡ್ಕೊತಿದ್ರು. ದಿಟವಾಗ್ಲೂ ಬೇಕಿದ್ದಂಗೇ ಕಾಣ್ತಿತ್ತಪ್ಪ," ಅಂದ. ಕಾಣ್ತಿತ್ತು ಅಂದರೆ ಏನು ಸಿಕ್ಕಂತಾಯಿತು?

ಒಂದೇ ಒಂದು ಸಾಕ್ಷಿ ಇತ್ತು. ನಾನು ಹೊನ್ನಕ್ಕನಿಗೆ ಕೈ ಎತ್ತಿದ ಗಳಿಗೆಯಲ್ಲಿ ನಮ್ಮವರ ಮುಖ ಹೇಗಿತ್ತು ಎಂಬುದು. ಬಿಳುಚಿಕೊಂಡಿದ್ದರೆ ಕೈ ನನ್ನದು. ಮುಗುಳ್ನಕ್ಕಿದ್ದರೆ ಕೈ ಅವರದು. ನಾನು ನೋಡಲಿಲ್ಲ. ನೋಡಬಾರದೆಂದೇ ಕಿಟಕಿ ಮುಚ್ಚಿದ್ದೆ. ನಾನಾಗಿ ನಾನು ಮಾಡಿದ್ದು ಆ ಕಿಟಕಿ ಮುಚ್ಚಿದ್ದೊಂದು. ಅದೇ ನನಗೆ ಮುಳುವಾಯಿತು.

ಆಮೇಲಿನ ವರ್ಷಗಳನ್ನು ಹೇಗೆ ಕಳೆದೆ ಅಂತ ಹೇಳಲಿ? ಸದಸ್ಯತ್ವವೇನೋ ನಡೆಯಿತು. ಸುಂಕ ಹೋಗಲಿಲ್ಲ. ನಾನು ಪ್ರತಿ ಸಭೆಯಲ್ಲೂ ಎದ್ದು ಕೇಳಿದೆ, ಹೊನ್ನಕ್ಕ ಪ್ರತಿ ಸಭೆಯಲ್ಲೂ ಕಿಟಕಿಯ ಕಡೆ ನೋಡಿದಳು. ಆದರೆ ಮನೆಯಲ್ಲಿ ನನಗೆ ಉಸಿರಾಡಲು ಜಾಗವಿಲ್ಲದಂತಾಯಿತು. ಮೊದಲಾದರೆ ಅವರು ಹೇಳಿದ್ದನ್ನು ಕೇಳುತ್ತಿದ್ದೆ, ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಆ ಬೈಗುಳವಾದರೂ ನನ್ನದಾಗಿತ್ತು. ಈಗ ಹೂರಣದ ಹೋಳಿಗೆ ಮಾಡು ಅಂದರೆ, ಇವರಿಗೆ ಬೇಕಾಗಿರುವುದು ಕಾಯಿ ಹೋಳಿಗೆಯೇನೋ ಎಂದು ಅನುಮಾನ. ಮಗಳನ್ನು ಹಾಸನದ ಕಾಲೇಜಿಗೆ ಸೇರಿಸೋದು ಬೇಡ ಅಂದಾಗ ನಾನು ಹಟ ಹಿಡಿದು ಸೇರಿಸಿದೆ. ಆಮೇಲೆ ಅವರು ಖುಷಿಯಾಗಿ ಅವಳಿಗೆ ಬಸ್ ಪಾಸು ಮಾಡಿಸಿ ತಂದಾಗ, ಇದೂ ಅವರ ಆಟವೇ ಇರಬೇಕು ಎಂದು ಮೂಲೆಯಲ್ಲಿ ಕೂತು ಅತ್ತೆ. ಮಾತು ಕೇಳಿದರೂ ಅವರದೇ ನಡೆಯಿತು, ಕೇಳದಿದ್ದರೂ ಅವರದೇ ನಡೆಯಿತು. ಮಲ್ಲಿಪಟ್ಟಣದ ಕೋಣೆಗಾದರೂ ಹೊರಗೊಂದು ಚಿಲಕವಿತ್ತು. ಯಾರಾದರೂ ಬಂದು ತೆಗೆಯಬಹುದಿತ್ತು.

ಇವತ್ತು ಸಾಯಂಕಾಲ ದೀಪ ಹಚ್ಚಿ ನಡುಮನೆಗೆ ಬಂದೆ. ಅವರು ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು. ಪಕ್ಷ ಈಗ ಅಂಬಾಸಿಡರಿನಲ್ಲಲ್ಲ, ಒಂದು ಸ್ಕೂಟರಿನಲ್ಲಿ ಹಿಡಿಸುತ್ತದೆ. ಮರಿಯಣ್ಣ ಬರುವುದಿಲ್ಲ. ಹೋದ ವರ್ಷ ಅವನಿಗೆ ಕೊನೆಗೂ ಲೈಸೆನ್ಸು ಸಿಕ್ಕಿತು. ನಮ್ಮವರಿಗೆ ಕೂದಲು ಪೂರ್ತಿ ಬೆಳ್ಳಗಾಗಿದೆ. ನಾನು ನಿಲ್ಲದಿದ್ದರೆ ಪಕ್ಷವೇ ಇಲ್ಲ, ಅದು ಅವರಿಗೂ ಗೊತ್ತು, ನನಗೂ ಗೊತ್ತು.

"ಏನು ಯೋಚನೆ ಮಾಡ್ದೆ?" ಅಂತ ಕೇಳಿದರು.

ನಾನು ಉತ್ತರ ಹೇಳುವ ಬದಲು ಅವರ ಮುಖ ನೋಡಿದೆ. ಹೂಂ ಬೇಕೋ, ಊಹೂಂ ಬೇಕೋ ಎಂದು ಅಲ್ಲಿ ಹುಡುಕಿದೆ. ಹುಡುಕುತ್ತಿದ್ದೇನೆಂದು ಗೊತ್ತಾಗಿ ನನಗೇ ಹೇಸಿಗೆಯಾಯಿತು. ಅವರಿಗೂ ಅದು ಗೊತ್ತಾಯಿತೋ ಏನೋ, ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಒರೆಸುತ್ತಲೇ ತಗ್ಗಿದ ದನಿಯಲ್ಲಿ ಹೇಳಿದರು.

"ಕನಕ, ಆವತ್ತು ನನಗೆ ಗೊತ್ತಿರಲಿಲ್ಲ. ನೀನು ರೇವಮ್ಮನಿಗೇ ಎತ್ತುತೀಯ ಅಂದ್ಕೊಂಡಿದ್ದೆ. ಗುಂಡಯ್ಯ ಓಡಿ ಬಂದು ಹಾರ ಹಾಕಿಬಿಟ್ಟ, ಅಷ್ಟು ಜನದ ಎದುರು ಮರ್ಯಾದೆ ಹೋಗುತ್ತೆ ಅಂತ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಹೊನ್ನಕ್ಕ ಹಿತ್ತಲಿಗೆ ಬಂದಿದ್ದೂ ಆಗ ಅವನು ಹೇಳಿಯೇ ಗೊತ್ತಾಗಿದ್ದು. ಅದು ನಿನ್ನದೇ ಕೈ."

ಆರು ವರ್ಷ ಈ ಮಾತಿಗಾಗಿ ಕಾದಿದ್ದೇನೆ. ದೇವರ ಮುಂದೆ ಕೂತಾಗ ಇದನ್ನೇ ಬೇಡಿದ್ದೇನೆ. ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ನಂಬಬೇಕೆಂದು ನನ್ನ ಜೀವ ಹಾತೊರೆಯಿತು.

ಆದರೆ ನಾಳೆ ನಾಮಪತ್ರದ ಕಡೇ ದಿನ.